ಹುತಾತ್ಮರ ವಸ್ತ್ರ

ಹಿಂದೆ ಕ್ರೈಸ್ತ ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುತಾತ್ಮರೊಬ್ಬರ ನೇರ ವಂಶದವರೆಂದು ಊರ ಇಗರ್ಜಿಯ ಮೆರವಣಿಗೆಯಲ್ಲಿ ಮೊದಲ ಕೊಡೆ ಹಿಡಿಯುವ ಗೌರವ ಬೊನಿಫಾಸ್ ರೇಗೊ ಧಣಿಗಳದ್ದೇ. ಒಂದು ದಿನ ಅವರು ಹುತಾತ್ಮರ ರಕ್ತದ ಕಲೆಯಿದೆಯೆಂದು ಊರು ನಂಬಿದ್ದ ವಸ್ತ್ರವನ್ನು ಲ್ಯಾಬಿಗೆ ತಂದು ಮೇಜು ಕುಟ್ಟಿದರು.

"ಇದು ಅವರದೇ ರಕ್ತ ಅಂತ ಈಗಲೇ ಬರೆದುಕೊಡು. ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು ಅಂತ ತಿಳಿ."

ಲ್ಯಾಬಿನ ದೂಮಪ್ಪ ವಸ್ತ್ರಕ್ಕೆ ಕೈ ಮುಗಿದು, ಸಿರಿಂಜು ತೆಗೆದ.

"ಅಂಗಿಯ ತೋಳು ಮಡಿಸಿ ಧಣಿ."

"ನನ್ನ ರಕ್ತ ಯಾಕೋ?"

"ವಂಶದವರ ರಕ್ತಕ್ಕೆ ತಾನೇ ಹೋಲಿಸಿ ನೋಡುವುದು? ಹೊಂದಿದರೆ ಆಗಲೇ ಬರೆದುಕೊಡುತ್ತೇನೆ."

"ಹೊಂದದಿದ್ದರೆ?"

"ಊರೇ ಮುತ್ತಿಡುವ ವಸ್ತ್ರವನ್ನು ಸುಳ್ಳು ಅನ್ನಲಿಕ್ಕಾಗುತ್ತದಾ? ಸುಳ್ಳು ಬೇರೆಲ್ಲಿದೆಯೋ ಅದನ್ನು ಬರೆಯಬೇಕಾಗುತ್ತದೆ."

ಧಣಿಗಳು ಅರ್ಧ ಮಡಿಸಿದ ತೋಳನ್ನು ಇಳಿಸಿ, ವಸ್ತ್ರವನ್ನು ಪೆಟ್ಟಿಗೆಗೆ ಹಾಕಿದರು.

"ನಂಬಿಕೆ ಇದ್ದವರಿಗೆ ಪರೀಕ್ಷೆ ಯಾಕೆ ಮಾರಾಯ?"

ದೂಮಪ್ಪ ಬಾಗಿಲು ತೆರೆದು ಹಿಡಿದ. "ಈ ಸಲವೂ ಮೊದಲ ಕೊಡೆ ನಿಮ್ಮದೇ ತಾನೇ ಧಣಿ?"