ಅರ್ಧಕ್ಕೆ ನಿಂತ ಸೀರೆ

ಗುಡ್ಡದ ಮಠದ ಹಿತ್ತಿಲಲ್ಲಿ ಪೂಜ್ಯ ಮಳೆಯಪ್ಪಜ್ಜನವರು ಕುಳ್ಳು ತಟ್ಟುತ್ತಿದ್ದಾಗ, ಅಂಬವ್ವ ಗಂಡನ ರಟ್ಟೆ ಹಿಡಿದು ಎಳೆದು ತಂದಳು.

"ತಗೋರಿ ಅಜ್ಜಾರ, ಇಂವನ್ನ ನಿಮಗ ಒಪ್ಪಿಸೀನಿ. ನಾ ಮಧ್ಯಾಹ್ನದ ಬಸ್ಸಿಗೆ ಹೊಂಟೆ."

ಅಜ್ಜನವರು ಸೆಗಣಿ ಕೈ ತೊಳೆದುಕೊಂಡರು. ಕುಡಿತ ಬಿಡಲು ಬಂದವರನ್ನು ಅವರು ನಲವತ್ತು ದಿನ ಮಠದಲ್ಲಿ ಇರಿಸಿಕೊಳ್ಳುತ್ತಿದ್ದರು. ಸರಕಾರಿ ಆಸ್ಪತ್ರೆಯ ವೈದ್ಯರು ಬಂದು ಗುಳಿಗೆ ಕೊಡುತ್ತಿದ್ದರು. ಉಳಿದದ್ದು ಗಂಜಿ, ದುಡಿಮೆ, ಭಜನೆ. ನೇಮ ಒಂದೇ. ಮೊದಲ ಮೂರು ದಿನ ಮನೆಯವರೊಬ್ಬರು ಜೊತೆಗಿರಬೇಕು. ಇದನ್ನು ಕೇಳಿಯೇ ಬಹಳ ಜನ ಹಿಂದಕ್ಕೆ ಹೋಗುತ್ತಿದ್ದರು.

ಅಂಬವ್ವನೂ ಹೋಗುವವಳೇ. ಹಿಂದೆ ಎರಡು ಕಡೆ ಸೇರಿಸಿ ನೋಡಿದ್ದಳು. ಒಂದು ಕಡೆ ತಾಯಿತ ಕಟ್ಟಿದರು, ಇನ್ನೊಂದು ಕಡೆ ಕೋಣೆಯಲ್ಲಿ ಕೂಡಿಹಾಕಿದರು. ಎರಡೂ ಸಲ ಗಂಡ ಬನಪ್ಪ ಹೊರಗೆ ಬಂದವನೇ ಸೆರೆ ಅಂಗಡಿಗೆ ನಡೆದಿದ್ದ. ಅಜ್ಜನವರ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ. ನಲವತ್ತು ದಿನ ಇವನ ಮುಖ ಕಾಣದಿದ್ದರೆ ಸಾಕಿತ್ತು.

"ಏನು ಉದ್ಯೋಗ?" ಎಂದು ಅಜ್ಜನವರು ಬನಪ್ಪನನ್ನು ಕೇಳಿದರು.

"ನೇಕಾರ್ರಿ. ಸೀರಿ ಮಗ್ಗ."

"ಹೋದ ವಾರ ಎಷ್ಟು ಸೀರಿ ಇಳಿಸಿದಿ?"

"ಎರಡ್ರಿ."

ಅಜ್ಜನವರು ಅವನ ಕೈ ನೋಡಿದರು. ನೀರಿನ ತಂಬಿಗೆ ಹಿಡಿಯಲಾರದೆ ನಡುಗುತ್ತಿತ್ತು. ಆಮೇಲೆ ಅಂಬವ್ವನ ಕೈ ನೋಡಿದರು. ಮಗ್ಗದ ಲಾಳಿಯ ಹಗ್ಗ ಎಳೆದೆಳೆದು ಬಲ ಅಂಗೈ ಜಡ್ಡುಗಟ್ಟಿತ್ತು.

"ನೀನೂ ಪಥ್ಯ ಹಿಡೀಬೇಕವ್ವಾ. ಅವನ ಮಗ್ಗಕ್ಕ ಕೂಡಬ್ಯಾಡ."

ಅಂಬವ್ವನಿಗೆ ರೇಗಿತು. "ಕುಡಿಯಾಂವ ಇಂವ, ಪಥ್ಯ ನನಗ್ಯಾಕ್ರಿ? ಸೀರಿ ಅರ್ಧಕ್ಕ ನಿಂತೈತಿ. ನಾ ಕೂಡಲಿಲ್ಲಂದ್ರ ನೂಲು, ಸಾಲ ಕೊಟ್ಟ ಸಾವ್ಕಾರ ಮಗ್ಗ ಬಿಚ್ಚಿಕೊಂಡು ಹೋಗತಾನ. ಮಠದ ಗಂಜಿ ನಮ್ಮನಿ ಒಲಿಗೆ ಬರತೈತೇನ್ರಿ?"

"ಎಷ್ಟು ವರ್ಷ ಆತು, ಇವನ ಕೆಲಸಾ ನೀ ಮಾಡಾಕ ಹತ್ತಿ?"

"ಒಂಬತ್ತು."

"ದಣಿದಿಲ್ಲೇನು?"

ಒಂಬತ್ತು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅಂಬವ್ವ ಒಳಗೆ ನಡೆದಳು. ಪಡಸಾಲೆಯ ಗೋಣಿತಾಟಿನ ಮೇಲೆ ಕೂತವಳು ಹಾಗೇ ಒರಗಿ ನಿದ್ದೆಹೋದಳು. ಬಸ್ಸು ಬಂತು, ಹೋಯಿತು. ಗಂಟೆ ಬಾರಿಸಬೇಡಿರೆಂದು ಪೂಜ್ಯರು ಅಪ್ಪಣೆ ಮಾಡಿದರು. ಆ ದಿನ ಮಠದ ಮಂಗಳಾರತಿ ಗಂಟೆಯಿಲ್ಲದೆ ನಡೆಯಿತು. ಮರುದಿನದ ಬಸ್ಸಿಗೂ ಅಂಬವ್ವ ಹೋಗಲಿಲ್ಲ.

ಮೂರನೆಯ ದಿನ ಮನೆಯವರೆಲ್ಲ ಗದ್ದುಗೆಯ ಮುಂದೆ ಕೂತು, ತಾವು ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳುವುದು ಅಲ್ಲಿಯ ಪದ್ಧತಿ. ಮಗನಿಗೆ ಕಾಮಾಲೆ ಎಂದು ಬೀಗರಿಗೆ ಹೇಳುತ್ತ ಬಂದೆ ಎಂದ ಒಬ್ಬ ಮುದುಕ. ಅಂಬವ್ವ ಕಡೆಗೆ ಎದ್ದಳು.

"ಇಂವ ಬಿದ್ದಾಗೆಲ್ಲ ನಾ ನೇಯ್ದೆ. ಓಣಿಗೆ ಇಂವನ ಸೀರಿ ಅಂತ ಹೇಳಿದೆ."

ಬನಪ್ಪ ತಲೆ ಎತ್ತಲಿಲ್ಲ. "ನಾನೂ ಹಂಗ ನಂಬಿದ್ದೆ," ಎಂದ.

ಪೂಜ್ಯರು ಇಬ್ಬರ ಹಣೆಗೂ ಭಸ್ಮ ಹಚ್ಚಿದರು. ಮೊದಲು ಅವಳಿಗೆ.

ಅಂಬವ್ವ ಊರಿಗೆ ಹೋಗಿ ಮಗ್ಗದ ಮೇಲೆ ಹಳೆಯ ಪಂಚೆ ಹೊದಿಸಿದಳು. ಸಾಹುಕಾರ ಬಂದ. "ಏನವಾ, ಬನಪ್ಪಗ ಮತ್ತ ಜ್ವರೇನು?"

"ಜ್ವರಲ್ರಿ. ಕುಡೀತಾನ. ಬಿಡಾಕ ಮಠದಾಗ ಅದಾನ."

ಸಾಹುಕಾರ ಪಂಚೆಯ ಅಂಚು ಎತ್ತಿ ಅರ್ಧ ಸೀರೆ ನೋಡಿದ. "ಶಿವರಾತ್ರಿ ಒಳಗ ಸೀರಿ ಇಳೀಲಿಲ್ಲಂದ್ರ ಮಗ್ಗ ಒಯ್ಯಾಂವ," ಎಂದು ಹೇಳಿ ಹೋದ.

ಅವಳು ಪಕ್ಕದ ಮನೆಯ ನೂಲು ಸುತ್ತಿ ಹೊಟ್ಟೆ ಹೊರೆದಳು. ಕೆಲವು ಮುಂಜಾನೆ ಕೈ ತಾನಾಗಿ ಮಗ್ಗದ ಹಗ್ಗಕ್ಕೆ ಹೋಗುತ್ತಿತ್ತು. ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ನಲವತ್ತು ದಿನ ಮುಗಿಸಿ ಬನಪ್ಪ ಬಂದ. ಮಗ್ಗಕ್ಕೆ ಕೂತ. ಕೈ ಹಳೆಯ ಹದಕ್ಕೆ ಬರದೆ ದಿನಕ್ಕೆ ಗೇಣು ನೇಯುವುದೂ ಕಷ್ಟವಾಯಿತು. ಹದಿನೈದನೆಯ ದಿನ ಮತ್ತೆ ಕುಡಿದ. ಅಂಬವ್ವ ಬೈಯಲಿಲ್ಲ, ಮಗ್ಗ ಮುಟ್ಟಲಿಲ್ಲ, ಕೇಳಿದವರಿಗೆ ಸುಳ್ಳು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಎದ್ದು ಮಠದ ಹಾದಿ ಹಿಡಿದ. ಈ ಸಲ ಅವಳು ರಟ್ಟೆ ಹಿಡಿಯಲಿಲ್ಲ. ಹಿಂದೆ ಹಿಂದೆ ನಡೆದಳು. ಅಜ್ಜನವರು ಇಬ್ಬರಿಗೂ ಗಂಜಿ ಬಡಿಸಿದರು.

ಮಠದಿಂದ ಮರಳಿ ಬಂದು ಸೀರೆಯ ಉಳಿದರ್ಧವನ್ನು ಬನಪ್ಪನೇ ನೇಯ್ದು ಮುಗಿಸಿದ. ಶಿವರಾತ್ರಿಗೆ ಎರಡು ದಿನ ಇರುವಾಗ ಅದು ಮಗ್ಗದಿಂದ ಇಳಿಯಿತು.