ಕಲ್ಲು ಮುಟ್ಟಿ ಹೇಳಿದ ಮಾತು

"ಗುರುಗಳೇ, ಸತ್ತವನ ಕೀರ್ತಿಗಾಗಿ ಒಂದು ಸುಳ್ಳು ಹೇಳಿದರೆ ತಪ್ಪಾಗುತ್ತದೆಯೇ?" ಎಂದು ಬೊಮ್ಮಯ್ಯ ಕೇಳಿದ.

ಅವನ ಅಣ್ಣಂದಿರಿಬ್ಬರೂ ಕಾಲಾಳುಗಳು. ಒಬ್ಬ ಆ ವರ್ಷ ದಂಡಿನಲ್ಲಿ ತೀರಿಕೊಂಡಿದ್ದ. ಕತ್ತಿಯೇಟಿನಿಂದಲ್ಲ, ದಂಡು ಹಿಂದೆ ಸರಿಯುವಾಗ ತುಂಬಿದ ಹೊಳೆಯಲ್ಲಿ ಕೊಚ್ಚಿಹೋಗಿದ್ದ. ಉಳಿದ ಅಣ್ಣ ಈ ಸಂಗತಿಯನ್ನು ಬೊಮ್ಮಯ್ಯನಿಗೆ ಮಾತ್ರ ತಿಳಿಸಿದ್ದ, ತಾಯಿಗೂ ಹೇಳಿರಲಿಲ್ಲ. ಊರಿನವರು ಸತ್ತವನಿಗೆ ವೀರಗಲ್ಲು ನಿಲ್ಲಿಸಲು ಹೊರಟಿದ್ದರು. ಅದರ ಮೇಲೆ ಕೆತ್ತಲು ನಾಲ್ಕು ಸಾಲು ಬರೆದುಕೊಡು ಎಂದು ಓದುಬರಹ ಬಲ್ಲ ಬೊಮ್ಮಯ್ಯನಿಗೆ ಹೇಳಿಕಳಿಸಿದ್ದರು.

ಗುರುಗಳು ಅವನನ್ನು ಕುಳ್ಳಿರಿಸಿಕೊಂಡು ಹೇಳತೊಡಗಿದರು.

ಒಬ್ಬ ತಾಯಿಗೆ ಮೂವರು ಗಂಡುಮಕ್ಕಳು. ಮೂವರೂ ಒಬ್ಬ ಪಾಳೆಯಗಾರನ ದಂಡಿನಲ್ಲಿ ಕಾಲಾಳುಗಳಾಗಿದ್ದರು. ಕುದುರೆಯ ಮೇಲೆ ಕುಳಿತವರ ಹೆಸರನ್ನು ಹಾಡು ಕಟ್ಟುವವರು ನೆನಪಿಟ್ಟುಕೊಳ್ಳುತ್ತಾರೆ. ನಡೆದು ಹೋದವರ ಹೆಸರು ಅವರ ಮನೆಯವರಿಗೆ ನೆನಪಿದ್ದರೆ ಅದೇ ದೊಡ್ಡದು.

ಒಂದು ಕಾಳಗದಲ್ಲಿ ದಂಡು ಸೋತಿತು. ಹಿಂದೆ ಸರಿಯಿರೆಂದು ಕಹಳೆ ಊದಿದರು. ಎಲ್ಲರೂ ಓಡಿದರು. ಹಿರಿಯವನ ಮೊಣಕಾಲಿಗೆ ಬಾಣ ನಾಟಿ ಅವನು ಬಿದ್ದುಬಿಟ್ಟ. ಕಿರಿಯವನು ತಿರುಗಿ ಹೋಗಿ ಅವನನ್ನು ಮಗುವಿನಂತೆ ಎದೆಗವಚಿಕೊಂಡು ಎತ್ತಿ ತಂದ. ತರುವಾಗ ಹಿಂದಿನಿಂದ ಬಂದ ಭರ್ಜಿ ಅವನ ಬೆನ್ನಿಗೆ ತಾಗಿತು. ಆದರೂ ನಿಲ್ಲಲಿಲ್ಲ. ನಡುವಿನವನು ಕಾಯುತ್ತಿದ್ದ ಬಂಡೆಯ ಮರೆಯವರೆಗೆ ಬಂದು ಅಣ್ಣನನ್ನು ಇಳಿಸಿದ.

"ಅವ್ವ ಯಾವಾಗ್ಲೂ ನಿಂಗೇ ಒಂದು ಮುದ್ದೆ ಜಾಸ್ತಿ ಇಕ್ತಿದ್ಲು ಕಣಣ್ಣ. ಈವತ್ತು ನಿನ್ನ ಹೊತ್ಮೇಲೆ ಗೊತ್ತಾಯ್ತು" ಎಂದು ಕಿರಿಯವನು ನಕ್ಕ. ಆಮೇಲೆ ಅವನು ಮಾತಾಡಲಿಲ್ಲ. ಅಣ್ಣಂದಿರು ಅವನನ್ನು ಅಲ್ಲಿಯೇ ಮಣ್ಣು ಮಾಡಿ ಊರಿಗೆ ಬಂದರು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ವೀರಗಲ್ಲಿಗೆ ಉಳಿಯಿಡುವ ಮೊದಲು, ಸಾವನ್ನು ಕಣ್ಣಾರೆ ಕಂಡವನು ಆ ಕಲ್ಲಿನ ಮೇಲೆ ಕೈಯಿಟ್ಟು ನಡೆದದ್ದನ್ನು ಹೇಳಬೇಕು. ಅವನು ಹೇಳಿದಂತೆ ಕಲ್ಲುಕುಟಿಗ ಕೆತ್ತುತ್ತಾನೆ. ಎದೆಗೆ ಗಾಯವಾಗಿ ಸತ್ತವನಿಗೆ ಕಲ್ಲುಂಟು, ಬೆನ್ನಿಗೆ ಗಾಯವಾದವನಿಗೆ ಇಲ್ಲ ಎಂದು ಎಲ್ಲರೂ ಕೇಳಿ ಬೆಳೆದಿದ್ದರು.

ಹಿರಿಯವನು ಕಲ್ಲು ಮುಟ್ಟಿ, "ಎದೆಯೊಡ್ಡಿ ನಿಂತು ಎಂಟು ಜನರನ್ನು ಕಡಿದು ಬಿದ್ದ" ಎಂದು ಹೇಳಿದ. ನಡುವಿನವನು ಹೌದೆಂದು ತಲೆಯಾಡಿಸಿದ. ತಮ್ಮನ ಮಾನಕ್ಕಾಗಿ ಹೀಗೆ ಹೇಳಿದೆ ಎಂದು ಹಿರಿಯವನು ಅಂದುಕೊಂಡ. ಅದರಲ್ಲಿ ಅರ್ಧ ನಿಜವಿತ್ತು. ತನ್ನನ್ನು ಎತ್ತಿ ತರಬೇಕಾಯಿತು ಎನ್ನಲು ಅವನಿಗೆ ನಾಚಿಕೆಯೂ ಇತ್ತು.

ಕಲ್ಲು ನಿಂತಿತು. ಮೀಸೆ ತಿರುವಿ ಕತ್ತಿಯೆತ್ತಿದ ವೀರ, ಅವನ ಕಾಲಡಿ ಎಂಟು ಹೆಣ. ಸತ್ತ ಹುಡುಗನಿಗೆ ಇನ್ನೂ ನೆಟ್ಟಗೆ ಮೀಸೆ ಬಂದಿರಲಿಲ್ಲ. ತಾಯಿ ಪ್ರತಿ ಅಮಾವಾಸ್ಯೆಯ ಮುಂಜಾನೆ ಕಲ್ಲಿಗೆ ಎಣ್ಣೆ ಹಚ್ಚಿ ಮನೆಗೆ ಬಂದು ಹಿರಿಯ ಮಗನನ್ನು ಕೇಳುತ್ತಿದ್ದಳು.

"ಕೊನೇಲಿ ಏನಂದ ಮಗ? ನನ್ನ ಮಾತೇನಾದ್ರೂ ಎತ್ತಿದ್ನಾ?"

"ಇಲ್ಲವ್ವ. ಹರಹರ ಅಂದ, ಬಿದ್ದ. ಮಾತಾಡಕ್ಕೆ ಹೊತ್ತೆಲ್ಲಿತ್ತು?"

"ಹೋಗ್ಲಿ ಬಿಡು. ಅಷ್ಟು ಜನಾನ ಕಡಿಯೋನಿಗೆ ಅವ್ವ ಎಲ್ಲಿ ನೆಪ್ಪಾಗ್ತಾಳೆ" ಎಂದು ಅವಳು ಒಲೆಯ ಕಡೆ ತಿರುಗುತ್ತಿದ್ದಳು.

ಮುದ್ದೆಯ ಮಾತು ಅವನ ನಾಲಿಗೆಯ ತುದಿಗೆ ಬರುತ್ತಿತ್ತು. ಅದನ್ನು ಹೇಳಿದರೆ ತಮ್ಮ ತನ್ನನ್ನು ಹೊತ್ತದ್ದನ್ನು ಹೇಳಬೇಕು. ಹೊತ್ತದ್ದನ್ನು ಹೇಳಿದರೆ ಬೆನ್ನಿನ ಗಾಯವನ್ನೂ ಹೇಳಬೇಕು. ತಾಯಿಯ ಬಾಯಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬಾವಿಕಟ್ಟೆ ತಲುಪುತ್ತದೆ ಎಂಬುದು ಮಕ್ಕಳಿಗೆ ಗೊತ್ತೇ ಇತ್ತು. ಊರಿನವರು ಕಲ್ಲು ಕಿತ್ತು ಬಿಸಾಡಿದರೆ ಅವಳು ಆ ಅವಮಾನವನ್ನು ಹೇಗೆ ತಡೆದುಕೊಂಡಾಳು ಎಂದು ಹೆದರಿ ಅವನು ಬಾಯಿ ಕಟ್ಟಿಕೊಂಡ. "ಅವ್ವನಿಗಾದರೂ ಹೇಳೋಣ" ಎಂದು ನಡುವಿನವನು ಎರಡು ಸಲ ಕೇಳಿದ, ಆಮೇಲೆ ಕೇಳುವುದನ್ನು ಬಿಟ್ಟ.

ಹನ್ನೆರಡು ವರ್ಷ ಹೀಗೆಯೇ ಕಳೆಯಿತು. ತಾಯಿ ತೀರಿಕೊಂಡಳು. ಕಿರಿಯ ಮಗ ತನ್ನನ್ನು ನೆನೆಯದೆ ಸತ್ತನೆಂದು ನಂಬಿಯೇ ಹೋದಳು.

ಕರ್ಮಗಳೆಲ್ಲ ಮುಗಿದ ಮೇಲೆ ಹಿರಿಯವನು ಊರ ಗೌಡನ ಬಳಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಕಲ್ಲು ಕೀಳಬೇಕೆಂದರೆ ತಾನೇ ಕೀಳುತ್ತೇನೆ ಎಂದ. ಗೌಡ ಅವನ ಮುಖ ನೋಡಿ ಹೇಳಿದ.

"ಓಡೋನ ಬೆನ್ನಿಗೆ ಕಲ್ಲಿಲ್ಲ ಅಂದಿದ್ದು ಕಣಯ್ಯ. ಅಣ್ಣನ್ನ ಹೊತ್ಕೊಂಡು ಬಂದೋನ ಬೆನ್ನಿಗೆ ಯಾರು ಬೇಡ ಅಂತಿದ್ರು? ಅವತ್ತೇ ಹೇಳಿದ್ರೆ, ಹೊತ್ಕೊಂಡು ಬಂದಿದ್ದನ್ನೇ ಕೆತ್ತಿಸ್ತಿದ್ವಲ್ಲೋ."

ಹಿರಿಯವನು ಕುಂಟುತ್ತ ತಾಯಿಯನ್ನು ಹೂತ ಜಾಗಕ್ಕೆ ಹೋದ. ತಮ್ಮ ಆಡಿದ ಮಾತನ್ನು ಅಲ್ಲಿ ಗಟ್ಟಿಯಾಗಿ ಹೇಳಿದ, ಎರಡು ಸಲ ಹೇಳಿದ. ಕೇಳಿ ನಗಬೇಕಾದವಳು ಇರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಬೊಮ್ಮಯ್ಯನಿಗೆ ಸಮಾಧಾನವಾಗಲಿಲ್ಲ.

"ಆ ತಮ್ಮ ಅಣ್ಣನನ್ನು ಹೊತ್ತು ತಂದಿದ್ದ, ಗುರುಗಳೇ. ನನ್ನ ಅಣ್ಣ ಯಾರನ್ನೂ ಹೊತ್ತು ತರಲಿಲ್ಲ. ಸುಮ್ಮನೆ ಹೊಳೆಯಲ್ಲಿ ಹೋದ. ಅದನ್ನು ಕಲ್ಲಿನ ಮೇಲೆ ಏನೆಂದು ಬರೆಯಲಿ?"

"ಕಲ್ಲು ಎಷ್ಟು ದಿನವಾದರೂ ಕಾಯುತ್ತದೆ ಬೊಮ್ಮಯ್ಯ. ನಿನ್ನ ತಾಯಿ ಇನ್ನೂ ಬದುಕಿದ್ದಾಳೆ. ಸತ್ತ ಮಗನ ಬಗ್ಗೆ ಅವಳು ನಿನ್ನನ್ನು ಏನು ಕೇಳಿದಳೆಂದು ನೀನು ಹೇಳಲೇ ಇಲ್ಲವಲ್ಲ" ಎಂದರು ಗುರುಗಳು.

ಬೊಮ್ಮಯ್ಯ ಎದ್ದು ಗುರುಗಳಿಗೆ ನಮಸ್ಕರಿಸಿ, ತಾಯಿಯನ್ನು ಕಾಣಲು ಊರಿನ ಹಾದಿ ಹಿಡಿದ.