ಕಾಟಲಿಂಗ ಅವ್ವನಿಗೆ ಷೆಡ್ಡು ಮಾಡಿಕೊಟ್ಟದ್ದು

ಹತ್ತಿರ ಕುಳಿತು ಕೇಳಿ. ಇದು ಅರಮನೆಯ ಕತೆಯಲ್ಲ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಷೆಡ್ಡಿನ ಕತೆ.

ಒಂದು ಹಟ್ಟಿಯಲ್ಲಿ ಓಬಮ್ಮನೆಂಬ ತಾಯಿ, ಕಾಟಲಿಂಗನೆಂಬ ಮಗ. ತಾಯಿ ಸುಟ್ಟುಹೋದ ನೀರಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುತ್ತಿದ್ದಳು. ಮಗ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದನು. ಮೊದಲನೆಯ ಕಾರಣದಿಂದ ಮನೆ ನಡೆಯುತ್ತಿತ್ತು. ಎರಡನೆಯ ಕಾರಣದಿಂದ ಆಗಾಗ ನಿಲ್ಲುತ್ತಿತ್ತು.

ಓಬಮ್ಮನಿಗೆ ಕೆಲಸ ಗೊತ್ತಿತ್ತು, ಕೆಲಸಕ್ಕೆ ಕೂರಲು ಜಾಗವಿರಲಿಲ್ಲ. ಇಪ್ಪತ್ತು ವರ್ಷ ಜಗಲಿಯ ಮೇಲೆ ಕುಳಿತು ತಂತಿ ಸುತ್ತಿದಳು. ಮಳೆ ಬಂದರೆ ಅಡುಗೆಮನೆಗೆ ಎದ್ದುಹೋದಳು. ಒಲೆ ಹೊತ್ತಿಸುವ ಹೊತ್ತಿಗೆ ಮತ್ತೆ ಜಗಲಿಗೆ ಎದ್ದುಹೋದಳು. ಜಗಲಿಗೆ ನೆಂಟರು ಬಂದರೆ ಹಿತ್ತಲಿಗೆ ಎದ್ದುಹೋದಳು. ಒಂದು ದಿನ ಪಂಚಾಯ್ತಿ ಅಧ್ಯಕ್ಷ ಸಿದ್ರಾಮಣ್ಣನವರು ಬಂದು ಹೇಳಿದರು:

"ಓಬಮ್ಮ, ಊರ ನೀರಿನ ಮೋಟಾರು ಐದವೆ. ನಿನ್ನ ಕೈಗುಣ ಚೆನ್ನಾಗೈತೆ ಅಂತ ಎಲ್ರೂ ಹೇಳ್ತಾರೆ. ಆದ್ರೆ ಜಗಲಿ ಮೇಲೆ ಇಟ್ಟು ಹೋದ್ರೆ ಜನ ನನ್ನ ಬಿಡ್ತಾರಾ? ಸೂರು, ಬಾಗಿಲು, ಬೆಂಚು ಇರೋ ಒಂದು ಷೆಡ್ ಎಬ್ಬಿಸು. ಮುಂದಿನ ತಿಂಗಳು ಮೊದಲ ಸೋಮವಾರ ಬಂದು ನೋಡ್ತೀನಿ. ಇದ್ರೆ ಐದೂ ನಿಂದು. ಇಲ್ದಿದ್ರೆ ಪಟ್ಟಣಕ್ಕೆ ಹೋಗ್ತಾವೆ."

ಓಬಮ್ಮ ಮಗನ ಮುಖ ನೋಡಿದಳು. ಓಡಾಡಲು ಇದ್ದವನು ಅವನೊಬ್ಬನೇ.

"ಮಗಾ, ಅಂಗಡಿಗೆ ಹೋಗಿ ಒಂದು ಮೂಟೆ ಸಿಮೆಂಟು ತಗೊಂಬಾ. ಅಲ್ಲಿ ಇಲ್ಲಿ ಸುತ್ತಬೇಡ. ನೇರವಾಗಿ ಮನೆಗೆ ಬಾ."

ಅಂಗಡಿಗೂ ಮನೆಗೂ ನಡುವೆ ಕೆರೆಯಿತ್ತು. ರಸ್ತೆ ಕೆರೆಯನ್ನು ಸುತ್ತಿಕೊಂಡು ಬರುತ್ತಿತ್ತು, ಕಾಟಲಿಂಗ ಸುತ್ತಲಿಲ್ಲ. ಬೆನ್ನ ಮೇಲೆ ಮೂಟೆ ಹೊತ್ತು, ಕುತ್ತಿಗೆಮಟ್ಟದ ನೀರಿನಲ್ಲಿ ನೇರವಾಗಿ ಬಂದನು. ಮರುದಿನಕ್ಕೆ ಮೂಟೆ ಬಂಡೆಯಾಗಿತ್ತು.

"ಅಯ್ಯೋ ನನ್ನ ಹಣೆಬರಹವೇ. ದಾರೀಲಿ ನೀರು ಐತೆ ಅಂದ್ರೆ, ತರೋದನ್ನ ಪ್ಲಾಸ್ಟಿಕ್ ಹಾಳೇಲಿ ಸುತ್ತಿ, ಹಗ್ಗ ಬಿಗಿದು, ತಲೆ ಮೇಲೆ ಹೊತ್ಕೊಂಡು ಬರಬೇಕು ಕಣೋ."

"ಹೂಂ ಅವ್ವ, ಇನ್ನು ಮರೆಯಲ್ಲ," ಎಂದನು ಕಾಟಲಿಂಗ.

ಮರೆಯಲೂ ಇಲ್ಲ. ಓಬಮ್ಮ ತಾನೇ ಹೋಗಿ ಇನ್ನೊಂದು ಮೂಟೆ ತಂದಳು. ಆಮೇಲೆ ಕೆರೆಯಾಚೆಯ ಮೇಸ್ತ್ರಿ ಹಯಾತ್ ಸಾಬರನ್ನು ಕರೆತರಲು ಮಗನನ್ನು ಕಳುಹಿಸಿದಳು. ಅರವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಕಾಟಲಿಂಗ ಅವರನ್ನು ಕಾಲಿನಿಂದ ಕತ್ತಿನವರೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹಗ್ಗ ಬಿಗಿದು, ತಲೆಯ ಮೇಲೆ ಹೊತ್ತು ಕೆರೆ ದಾಟಿಸಿದನು. ಮುಖವನ್ನು ಮಾತ್ರ ಹೊರಗೆ ಬಿಟ್ಟಿದ್ದನು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಓಬಮ್ಮ ಓಡಿಬಂದು ಹಗ್ಗ ಬಿಚ್ಚಿದಳು. "ತಪ್ಪಾಯ್ತು ಸಾಬರೆ. ಇವನಿಗೆ ತಲೆ ಇಲ್ಲ."

"ತಲೆ ಐತೆ ತಾಯಿ. ಅದರ ಮೇಲೇ ತಾನೆ ನಾನು ಬಂದದ್ದು," ಎಂದರು ಹಯಾತ್ ಸಾಬರು, ಬೆವರು ಒರೆಸಿಕೊಳ್ಳುತ್ತ. "ನಲವತ್ತು ವರ್ಷ ಊರವರ ಮನೆಗೆಲ್ಲ ಕಲ್ಲು ಹೊತ್ತೆ. ನನ್ನನ್ನ ಹೊತ್ತವನು ಇವನೊಬ್ಬ. ಗೋಡೆ ಎಬ್ಬಿಸಿ, ಬಾಗಿಲು ಕೂರಿಸಿ, ಮೇಲೆ ತಗಡು ಹಾಸಿಕೊಟ್ಟೇ ಹೋಗ್ತೀನಿ."

ಹಾಗೆಯೇ ಮಾಡಿದರು. ಓಬಮ್ಮ ಅವರಿಗೆ ಕೈಮುಗಿದಳು, ಮಗನಿಗೆ ಬೈದಳು.

"ಕರೆದು ತರೋ ರೀತಿ ಏನೋ ಅದು? ಎದುರಿಗೆ ನಿಂತು ಕೈಮುಗಿ. 'ದಯಮಾಡಿ ಬರಬೇಕು' ಅನ್ನು. ಮುಂದೆ ನಡಿ, ಹಿಂದೆ ಬರ್ತಾರೆ. ತಿರುತಿರುಗಿ ನೋಡಬೇಡ, ನಂಬಿಕೆ ಇಲ್ಲ ಅಂದ್ಕೋತಾರೆ."

"ಹೂಂ ಅವ್ವ, ಇನ್ನು ಮರೆಯಲ್ಲ."

ಮರೆಯಲೂ ಇಲ್ಲ. ಗೋಡೆ ನಿಂತ ಮೇಲೆ, ಕಬ್ಬಿಣ ಬಿಗಿಹಿಡಿಯುವ ವೈಸು ಬೇಕಾಯಿತು. ಗುಜರಿ ಅಂಗಡಿಯ ರಾಮಾಂಜಿನಪ್ಪನ ಹತ್ತಿರ ಹಳೆಯದೊಂದಿತ್ತು. ಕಾಟಲಿಂಗ ಅದರ ಎದುರಿಗೆ ನಿಂತು ಕೈಮುಗಿದನು. "ದಯಮಾಡಿ ಬರಬೇಕು," ಎಂದನು. ಮುಂದೆ ನಡೆದನು. ಎರಡು ಮೈಲಿ ತಿರುಗಿ ನೋಡಲಿಲ್ಲ.

"ಅವ್ವ, ವೈಸು ಬಂದೈತೆ."

ಓಬಮ್ಮ ಹೊರಗೆ ಬಂದು ನೋಡಿದಳು. ಮಗನ ಹಿಂದೆ ಒಂದು ನಾಯಿ ನಿಂತಿತ್ತು.

ಅವಳು ಬೈಗುಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ರಾಮಾಂಜಿನಪ್ಪನ ಲಗೇಜ್ ಆಟೋ ಬಂದಿತು. ಅದರಲ್ಲಿ ವೈಸೂ ಇತ್ತು, ಬೆಂಚಿಗೆಂದು ಎರಡು ದಪ್ಪ ಹಲಗೆಗಳೂ ಇದ್ದವು.

"ಹಲಗೆ ನಾನು ಕೇಳಿರಲಿಲ್ಲವಲ್ಲ ರಾಮಾಂಜಿನಪ್ಪ."

"ಇರಲಿ ಇಟ್ಕೊಳವ್ವ. ನನ್ನ ಅಂಗಡೀಲಿ ಎಲ್ರೂ ಸಾಮಾನನ್ನ ಕಾಲಲ್ಲಿ ಸರಿಸಿ ನೋಡ್ತಾರೆ. ಕೈಮುಗಿದವನು ನಿನ್ನ ಮಗ ಒಬ್ಬನೇ."

ಓಬಮ್ಮ ಹಲಗೆಗಳನ್ನು ಷೆಡ್ಡಿನ ಒಳಗೆ ಇಳಿಸಿಕೊಂಡಳು. ಆಟೋ ಹೋದ ಮೇಲೆ ಮಗನ ಕಡೆ ತಿರುಗಿದಳು.

"ಜೀವ ಇಲ್ಲದ್ದು ಕಾಲಲ್ಲಿ ನಡೆದು ಬರಲ್ಲ ಕಣೋ ಮಂಕೆ. ಹಗ್ಗ ಕಟ್ಟು, ಎಳ್ಕೊಂಡು ಬಾ."

"ಹೂಂ ಅವ್ವ, ಇನ್ನು ಮರೆಯಲ್ಲ."

ಮುಂದಿನ ವಾರ ಟ್ಯೂಬ್‌ಲೈಟ್ ತರಲು ಹೋದನು. ಹಗ್ಗ ಕಟ್ಟಿದನು, ಎಳೆದುಕೊಂಡು ಬಂದನು. ಮನೆ ತಲುಪಿದ್ದು ಹಗ್ಗ ಮಾತ್ರ.

ಈ ಸಲ ಓಬಮ್ಮ ಬೈಯಲಿಲ್ಲ. ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು. ಮನೆಯೊಳಗಿದ್ದ ಒಂದೇ ಬಲ್ಬನ್ನು ಬಿಚ್ಚಿ ಷೆಡ್ಡಿಗೆ ಹಾಕಿದಳು. ಮಗನನ್ನು ಎದುರಿಗೆ ಕೂರಿಸಿಕೊಂಡು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇನ್ನು ನೀನು ಹೊರಗಿಂದ ಏನೂ ತರಬೇಡ. ಒಳಗೇ ಇರು. ಷೆಡ್ಡಿನ ಒಳಗೆ ಬರೋ ಪ್ರತಿಯೊಂದಕ್ಕೂ ಗೋಡೆ ಮೇಲೆ ಒಂದು ಜಾಗ ಇರಬೇಕು. ಗೋಡೆಗೆ ಒತ್ತಿ ಹಿಡಿ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳಿ. ಮೊಳೆ ಹೊಡೆದು ತೂಗುಹಾಕು. ಗೆರೆ ಖಾಲಿ ಕಂಡ್ರೆ ಅದು ಕಳೆದೈತೆ ಅಂತ ಲೆಕ್ಕ. ಸಿಗೋವರೆಗೂ ಬಿಡಬೇಡ."

"ಹೂಂ ಅವ್ವ, ಇನ್ನು ಮರೆಯಲ್ಲ."

ಸುತ್ತಿಗೆಗೆ ಗೆರೆ ಎಳೆದನು, ಮೊಳೆ ಹೊಡೆದನು, ತೂಗುಹಾಕಿದನು. ಇಕ್ಕಳಕ್ಕೆ ಎಳೆದನು, ಹೊಡೆದನು, ತೂಗುಹಾಕಿದನು. ಸ್ಪ್ಯಾನರುಗಳಿಗೆ ದೊಡ್ಡದರಿಂದ ಸಣ್ಣದಕ್ಕೆ ಇಳಿಸಿಕೊಂಡು ಎಳೆದನು. ಒಂದು ಗೆರೆಯೂ ಸೊಟ್ಟಗಿರಲಿಲ್ಲ. ಓಬಮ್ಮ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಮಗನ ಕೆಲಸದಲ್ಲಿ ತಪ್ಪು ಹುಡುಕಿ ಸೋತದ್ದು ಅವಳಿಗೆ ಅದೇ ಮೊದಲು.

ಸೋಮವಾರ ಸಿದ್ರಾಮಣ್ಣನವರು ಇಸ್ತ್ರಿ ಮಾಡಿದ ಖಾದಿ ಅಂಗಿ ತೊಟ್ಟು ಬಂದರು. "ಒಳಗೆ ನೋಡ್ತಿರಿ ಅಣ್ಣ, ಟೀ ತರ್ತೀನಿ," ಎಂದು ಓಬಮ್ಮ ಮನೆಯೊಳಗೆ ಹೋದಳು. ಅಧ್ಯಕ್ಷರು ಷೆಡ್ಡಿನ ಒಳಗೆ ಬಂದರು. ಒಳಗೆ ಬಂದದ್ದಕ್ಕೆ ಕಾಟಲಿಂಗ ಜಾಗ ಮಾಡಿದನು.

ಗೋಡೆಗೆ ಒತ್ತಿದಾಗ ಅವರು ಸುಮ್ಮನಿದ್ದರು. ಸುತ್ತ ಗೆರೆ ಎಳೆದಾಗಲೂ ಸುಮ್ಮನಿದ್ದರು. ಅಧ್ಯಕ್ಷರಾದ ಮೇಲೆ ಅವರಿಗೆ ಎಷ್ಟೋ ಸನ್ಮಾನಗಳಾಗಿದ್ದವು, ಇದೂ ಅಂಥದೇ ಒಂದೆಂದು ಭಾವಿಸಿದ್ದರು. ಮೂರನೆಯ ಹಂತ ತಲುಪಿದಾಗ ತಡವಾಗಿತ್ತು.

ಓಬಮ್ಮ ಟೀ ಹಿಡಿದು ಬಂದಳು. ಅಧ್ಯಕ್ಷರ ಕಾಲರು ಮೊಳೆಯಲ್ಲಿತ್ತು, ಪಾದಗಳು ನೆಲದಿಂದ ಗೇಣುದ್ದ ಮೇಲಿದ್ದವು. ಎಡಕ್ಕೆ ಗರಗಸ, ಬಲಕ್ಕೆ ಸುತ್ತಿಗೆ. ಐದೂ ಮೋಟಾರು ಪಟ್ಟಣದ ದಾರಿ ಹಿಡಿದಂತೆ ಅವಳಿಗೆ ಕಂಡಿತು.

ಸಿದ್ರಾಮಣ್ಣನವರು ಮೇಲಿನಿಂದಲೇ ಷೆಡ್ಡನ್ನು ನೋಡಿದರು. ಸೂರು ನೋಡಿದರು, ಬಾಗಿಲು ನೋಡಿದರು, ಬೆಂಚು ನೋಡಿದರು. ಬೇರೇನೂ ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಓಬಮ್ಮ."

"ಅಣ್ಣ."

"ಪಟ್ಟಣದ ಅಂಗಡೀಲಿ ಸ್ಪ್ಯಾನರ್ ಹುಡುಕೋಕೆ ಅರ್ಧ ದಿನ ಬೇಕು. ಇಲ್ಲಿ ಒಂದು ಸಾಮಾನೂ ನೆಲದ ಮೇಲಿಲ್ಲ. ನನ್ನನ್ನೂ ಸೇರಿಸಿ."

"ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ."

"ಮೊದಲು ನನ್ನ ಕಾಲನ್ನ ನೆಲಕ್ಕೆ ಇಳಿಸು. ಮೋಟಾರು ನಾಳೆ ಕಳಿಸ್ತೀನಿ."

ಅವರು ಟೀ ಕುಡಿದು ಹೋದರು. ಓಬಮ್ಮ ಗೋಡೆಯ ಮೇಲಿನ ಅಧ್ಯಕ್ಷರನ್ನು ಸೆರಗಿನಿಂದ ಒರೆಸಿದಳು.

"ಬಂದು ಹೋಗೋರಿಗೆಲ್ಲ ಗೆರೆ ಎಳೀಬಾರದು ಕಣೋ. ದಿನಾ ಇಲ್ಲೇ ಇದ್ದು, ಇಲ್ಲಿ ಕೆಲಸಕ್ಕೆ ಬರೋದಕ್ಕೆ ಮಾತ್ರ ಗೆರೆ, ಮೊಳೆ."

"ಹೂಂ ಅವ್ವ, ಇನ್ನು ಮರೆಯಲ್ಲ."

ಮರುದಿನ ಐದೂ ಮೋಟಾರು ಬಂದವು. ಓಬಮ್ಮ ಬೆಂಚಿನ ಹಿಂದೆ ಗೋಡೆಗೊರಗಿ ಕುಳಿತು ಮೊದಲನೆಯದಕ್ಕೆ ತಂತಿ ಸುತ್ತತೊಡಗಿದಳು. ಸುತ್ತು ಎಣಿಸುವಾಗ ಅವಳಿಗೆ ಲೋಕ ಕಾಣದು. ತಪ್ಪಿದರೆ ಮತ್ತೆ ಒಂದರಿಂದ ಶುರು. ಬೆನ್ನ ಹಿಂದೆ ಸೀಮೆಸುಣ್ಣ ಓಡಾಡಿದ್ದು ಅವಳಿಗೆ ತಿಳಿಯಲಿಲ್ಲ. ಮಧ್ಯಾಹ್ನ ಎದ್ದು ಹೋಗಿ ಮುದ್ದೆಗೆ ಎಸರಿಟ್ಟಳು.

ಸ್ವಲ್ಪ ಹೊತ್ತಿಗೆ ಕಾಟಲಿಂಗ ಅಡುಗೆಮನೆಯ ಬಾಗಿಲಿಗೆ ಬಂದನು. ಮುಖ ಬಿಳಿಚಿಕೊಂಡಿತ್ತು.

"ಅವ್ವ, ನಮ್ಮವ್ವ ಕಳೆದವ್ಳೆ. ನೀನೇನಾದ್ರೂ ನೋಡಿದ್ಯಾ?"

ಓಬಮ್ಮ ಮುದ್ದೆಕೋಲು ಹಿಡಿದುಕೊಂಡೇ ತಿರುಗಿದಳು. "ಎಲ್ಲೆಲ್ಲಿ ಹುಡುಕಿದೆ?"

"ಬೆಂಚಿನ ಕೆಳಗೆ. ಬಾಗಿಲ ಸಂದೀಲಿ. ಮೋಟಾರಿನ ಒಳಗೂ ನೋಡಿದೆ."

"ಸಿಗದಿದ್ರೆ?"

"ಸಿಗೋವರೆಗೂ ಬಿಡಬೇಡ ಅಂತ ಅವಳೇ ಹೇಳವ್ಳೆ."

ಓಬಮ್ಮ ಒಲೆಯನ್ನು ಹಾಗೆಯೇ ಬಿಟ್ಟು ಷೆಡ್ಡಿಗೆ ಬಂದಳು. ಬೆಂಚಿನ ಹಿಂದೆ, ಗರಗಸಕ್ಕೂ ಸುತ್ತಿಗೆಗೂ ನಡುವೆ, ಒಬ್ಬ ಹೆಂಗಸಿನ ಗೆರೆಯಿತ್ತು. ತುರುಬು ಕೂಡ ಬಿಟ್ಟಿರಲಿಲ್ಲ. ಅವಳು ಎದ್ದುಹೋದುದನ್ನು ಇಪ್ಪತ್ತು ವರ್ಷದಲ್ಲಿ ಯಾವ ಗೋಡೆಯೂ ಗುರುತಿಸಿರಲಿಲ್ಲ. ಬೈಯಬೇಕೆಂದು ಬಂದವಳು ಬೈಯದೆ ಹೋಗಿ ಗೆರೆಯ ಒಳಗೆ ಕುಳಿತಳು. ಗೆರೆ ತುಂಬಿತು.

ಕಾಟಲಿಂಗ ಅವಳ ಎದುರಿಗೆ ನಿಂತು ಎರಡೂ ಕೈ ಮುಗಿದನು. ಕಣ್ಣಲ್ಲಿ ನೀರಿತ್ತು.

"ನಮ್ಮವ್ವನ್ನ ಹುಡುಕಿಕೊಟ್ಟೆ. ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ ಅವ್ವ. ಹಂಗೇ ಕೂತಿರು, ಮೊಳೆ ತರ್ತೀನಿ."